ಬಿಷಪ್ಪನ ಕಣ್ಣು

ಆರ್ಚ್‌ಡೀಕನ್ ಎಂಬ ಪದ
ಅಜ್ಜ ಯೋಬಣ್ಣನ ಬಾಯಲ್ಲಿ ತಿರುಗಲಿಲ್ಲ.
ಅರ್ಚ ದೀಕ್ಷಿತರು ಅಂದ.
ಮದರಾಸಿನಿಂದ ಅರ್ಚ ದೀಕ್ಷಿತರು ಬರ್ತಾರಂತ
ದಂಡಿನ ಚರ್ಚಿನ ಹಿತ್ತಾಳೆಗೆಲ್ಲ
ಹುಣಸೆಹಣ್ಣು ಹಚ್ಚಿ ತಿಕ್ಕಿದ.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ
ಬೆಳಗಿನ ಏಳಕ್ಕೇ ಹೆಂಚಿನಂತೆ ಕಾದ ಬಳ್ಳಾರಿಗೆ
ಇಳಿದರು ಅವರು:
ಮೊಣಕಾಲ ತನಕ ಕರಿ ಬಟ್ಟೆಯ ಪಟ್ಟಿ, ಬದಿಗೆ ಸಾಲು ಗುಂಡಿ.
ಕುದುರೆ ಏರಿ ಊರೂರು ತಿರುಗಿದ ಕಾಲದ ಉಡುಪು.
ಕುದುರೆ ಹೋಗಿತ್ತು, ಗುಂಡಿ ಉಳಿದಿತ್ತು.
ಎಣಿಸಿದ್ದೆ ಅಂತಿದ್ದ ಅಜ್ಜ,
ಒಂದು ಸಲ ಒಂಬತ್ತು, ಇನ್ನೊಂದು ಸಲ ಹದಿನಾಲ್ಕು.

ಬಿಷಪ್ಪನಿಗೆ ಕೋಲುಂಟು, ಉಂಗುರವುಂಟು.
ಇವರು ಬಿಷಪ್ಪನ ಕಣ್ಣು.
ಗೋಡೆಯ ಬಿರುಕು, ಸೋರುವ ಮಾಳಿಗೆ,
ಬೆಳ್ಳಿ ಬಟ್ಟಲಿನ ತೂಕ, ಮದುವೆಯ ದಫ್ತರ
ನೋಡುವುದು, ಬರೆಯುವುದು.
ಹೊಸ ಪಾದ್ರಿಯ ಕೈ ಹಿಡಿದು ಬಾಗಿಲ ಬೀಗದ ಮೇಲಿಟ್ಟು
ಇದು ಇನ್ನು ನಿನ್ನದು, ಅನ್ನುವುದು.
ಆಮೇಲೆ ಗಂಟೆ. ಹಗ್ಗ ಎಳೆಯುವವನು ಅಜ್ಜ.

ನಾನು ಆಮೇಲೆ ಓದಿ ತಿಳಿದೆ:
ಡೀಕನ್ ಅಂದರೆ ಆಳು, ಪಂಕ್ತಿಗೆ ಬಡಿಸುವವನು.
ಆಳುಗಳಲ್ಲಿ ಹಿರಿಯಾಳು ಆರ್ಚ್‌ಡೀಕನ್.
ಕನ್ನಡಕ್ಕೆ ಇದು ಎಷ್ಟು ಸಲೀಸು!
ದುಡಿಯುವವನೂ ಆಳು, ದೊರೆಗೆ ಹೇಳುವುದೂ ಆಳು.
ಎಲ್ಲಿ ಹೊರಳಿತೆಂದು ಪದಕ್ಕೇ ಗೊತ್ತಾಗಲಿಲ್ಲ.
ಒಂದು ಕಾಲಕ್ಕೆ ದಂಡ ಹಾಕಿ, ಕಾಣಿಕೆ ಕಿತ್ತು ಕೊಬ್ಬಿದರಂತೆ,
ಇಂಥವನಿಗೂ ಮೋಕ್ಷವುಂಟೇ ಎಂದು
ಕಲಿತವರು ಕೂತು ವಾದಿಸಿದರಂತೆ.
ತೀರ್ಪು ಯಾವ ಪುಟದಲ್ಲೂ ಸಿಗಲಿಲ್ಲ ನನಗೆ.

ಆ ದಿನ ಕರ್ನಲ್ ಸಾಹೇಬ
ಪಟ್ಟಿ ಹಿಡಿದು ಉತ್ತರ ಕೊಟ್ಟ.
ಮಾಳಿಗೆ? ಸರಿ ಇದೆ.
ಗಂಟೆಯ ಹಗ್ಗ? ಸವೆದಿದೆ.
ಗೋರಿಗಳ ಬೇಲಿ? ಆಡು ನುಗ್ಗುತ್ತವೆ, ಕಟ್ಟಿಸುತ್ತೇವೆ.
ಬೆಂಚಿನ ಬೆನ್ನಿಗೆ ಕೊರೆದ ಕಚ್ಚು? ಅದು ಬಂದೂಕಿಗೆ,
ಪ್ರಾರ್ಥನೆಗೆ ಎರಡೂ ಕೈ ಬೇಕಲ್ಲ.

ಹೊರಡುವಾಗ ಅವರ ಕಣ್ಣು ಪಡಸಾಲೆಗೆ ಹೋಯಿತು.
ಕಂಬದ ನೆರಳಲ್ಲಿ ನಮ್ಮಜ್ಜಿ ಸಂತೋಷಮ್ಮ,
ಓದಲು ಬಾರದಿದ್ದರೂ ಎದೆಗೊತ್ತಿದ ಕೀರ್ತನೆ ಪುಸ್ತಕ.
ಅವಳನ್ನು ಏನೂ ಕೇಳಲಿಲ್ಲ.
ಬರೆದುಕೊಂಡರು.

ಆ ದಫ್ತರ ಈಗ ನನ್ನ ಕಪಾಟಿನಲ್ಲಿದೆ,
ನಾನು ಸಭೆಯ ಖಜಾಂಚಿ.
ಗೆದ್ದಲು ತಿಂದು ಬಿಟ್ಟ ಹಾಳೆಯ ಎಡಕ್ಕೆ
ಓರೆ ಅಕ್ಷರದ ಇಂಗ್ಲಿಷು:
ಗುಡಿಸುವವನ ಹೆಂಡತಿ ಹೊರಗೆ ನಿಂತಿದ್ದಾಳೆ. ಯಾಕೆ?
ಬಲಕ್ಕೆ ಉತ್ತರದ ಜಾಗ. ಬರೀ ಹಾಳೆ.
ಮರುವರ್ಷದ ಪುಟ ತಿರುವಿದೆ, ಅದೇ ಕೈಬರಹ:
ಗಂಟೆಯ ಹಗ್ಗ ಹೊಸದು. ಸಂತೋಷ.
ಅಷ್ಟೇ. ಸಂತೋಷಮ್ಮನ ಮಾತಿಲ್ಲ.
ಕಣ್ಣು ಕಂಡಿತ್ತು. ಎವೆ ಮುಚ್ಚಿತ್ತು.

ದಂಡು ಎದ್ದು ಹೋಯಿತು.
ಬೇರೆ ಬೇರೆ ಸಭೆಗಳು ಕೂಡಿ ಒಂದೇ ಹೆಸರಾದವು,
ಗುಂಡಿಯ ಕಾಲುಗಳು ಮತ್ತೆ ಇಳಿಯಲಿಲ್ಲ ಸ್ಟೇಷನ್ನಿಗೆ.
ಒಂದು ಭಾನುವಾರ ಅಜ್ಜಿ ಒಳಗೆ ನಡೆದು
ನಾಲ್ಕನೇ ಬೆಂಚಿನಲ್ಲಿ ಕೂತಳು.
ಬಾ ಎಂದವರಿಲ್ಲ;
ಬೇಡ ಎನ್ನುವವರೂ ಹಡಗು ಹತ್ತಿದ್ದರು.

ಆ ಬೆಂಚು ಈಗ ನನ್ನದು.
ಬಂದೂಕಿನ ಕಚ್ಚಿಗೆ ಕೊಡೆ ಸಿಕ್ಕಿಸುತ್ತೇನೆ,
ನಮ್ಮೂರಲ್ಲಿ ಕೊಡೆ ಇರುವುದೇ ಬಿಸಿಲಿಗೆ.

ಹೋದ ವಾರ ಲೆಕ್ಕ ನೋಡುವವರು ಬರ್ತಾರೆಂದು
ಬಟ್ಟಲು ಎಣಿಸಿದೆ, ಮಾಳಿಗೆ ನೋಡಿದೆ,
ಹುಣಸೆಹಣ್ಣು ತರಿಸಿದೆ.
ತಿಕ್ಕಿದ್ದು ಹುಲಿಗೆಮ್ಮ. ತಿಕ್ಕಿ ಪಡಸಾಲೆಗೆ ಹೋಗಿ ನಿಂತಳು,
ಅದೇ ಕಂಬ.
ಒಳಗ ಬಾರವ್ವ, ಅಂದೆ.
ನಿಮ್ದು ಮುಗೀಲಿ ಅಕ್ಕ, ನಂದು ಕಸಬರಿಗಿ ಕೆಲಸ,
ನಂದೇನೈತಿ ಒಳಗ, ಅಂದಳು.

ದಫ್ತರ ತೆಗೆದೆ, ಪೆನ್ನು ತೆಗೆದೆ.
ಬಲಗಡೆ ಇನ್ನೂ ಬಿಳಿ.
ಕೊಡೆಯನ್ನಷ್ಟೇ ಹೊರಗೆ ಒಯ್ದು ಕೊಟ್ಟೆ ಅವಳಿಗೆ.
ಪ್ರಾರ್ಥನೆ ಮುಗಿಯುವ ತನಕ
ಖಾಲಿ ಕಚ್ಚನ್ನು ಹೆಬ್ಬೆರಳಿನಿಂದ ತೀಡುತ್ತ ಕೂತೆ.